ಸಿಂಗಲ್ ಸ್ಪೀಡ್ ಸೈಕಲ್‌ಗೆ ಗೇರ್ ಹಾಕಿಸಬಹುದೇ?

ಹಾಕಿಸಬಹುದು. ಮೊದಲು ಹಿಂದಿನ ಚಕ್ರ ಬಿಚ್ಚಿ, ಆಕ್ಸಲ್ (ಚಕ್ರದ ನಡುವಿನ ಅಚ್ಚು) ಕೂರುವ ಜಾಗದ ಒಳ ಅಂತರ ಅಳೆಯಿರಿ. ಸಾಮಾನ್ಯವಾಗಿ 110 ಇಲ್ಲವೇ 120 ಮಿ.ಮೀ. ಇರುತ್ತದೆ, 7 ಗೇರಿನ ಚಕ್ರಕ್ಕೆ 126ರಿಂದ 135 ಬೇಕು. ಸ್ಟೀಲ್ ಫ್ರೇಮನ್ನು ತುಸು ಅಗಲಿಸಬಹುದು. ಅಲ್ಯೂಮಿನಿಯಂ ಬಿರುಕು ಬಿಟ್ಟೀತು, ಬೇಡವೇ ಬೇಡ. ಜೊತೆಗೆ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ), ಅದನ್ನು ಫ್ರೇಮಿಗೆ ಸಿಕ್ಕಿಸುವ ಹ್ಯಾಂಗರ್, ಗೇರ್ ಬದಲಿಸುವ ಶಿಫ್ಟರ್, ಕೇಬಲ್, ತೆಳು ಚೈನು ಬೇಕು. ಖರ್ಚು ಏರುತ್ತಲೇ ಹೋಗುತ್ತದೆ.

ಅದಕ್ಕಿಂತ 3 ಗೇರಿನ ಇಂಟರ್ನಲ್ ಹಬ್ (ಗೇರುಗಳೆಲ್ಲ ಒಳಗೇ ಇರುವ ಹಿಂಚಕ್ರದ ಗುಂಬ) ಮೇಲು. ಸ್ಟರ್ಮಿ ಆರ್ಚರ್ ಕಂಪನಿಯದಾದರೆ ನಡುವಿನ ಗೇರಿಗಿಂತ ಕೆಳಗಿನದು ತುಳಿಯಲು 25% ಹಗುರ, ಮೇಲಿನದು 33% ಭಾರ. ದಪ್ಪ ಚೈನೂ ನಡೆಯುತ್ತದೆ. ಹಬ್ ಕೊಳ್ಳುವ ಮುನ್ನ ರಿಮ್‌ನ ಕಡ್ಡಿ ತೂತು ಎಣಿಸಿ: ನಮ್ಮ ಹಳೆಯ ಕರಿ ಸೈಕಲ್‌ಗಳಲ್ಲಿ ಹಿಂದೆ 40 ಇರುತ್ತವೆ, ಹಬ್ 36ರದ್ದಾದರೆ ರಿಮ್ಮೂ ಬದಲಾಗಬೇಕು. ಆಕ್ಸಲ್ ತಿರುಗದಂತೆ ಹಿಡಿಯುವ ಹಲ್ಲಿನ ವಾಷರ್ ಮರೆಯಬೇಡಿ. ಅದಿಲ್ಲದಿದ್ದರೆ ನಟ್ಟು ಸಡಿಲಾಗಿ ಗೇರ್ ಜಾರುತ್ತದೆ.