ಬೈಯದ ಮ್ಯಾನೇಜರ್, ಬಾರದ ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಆಕೆ ಎಂಟು ಜನರ ತಂಡವೊಂದರಲ್ಲಿ ಹಿರಿಯ ನೌಕರೆ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ ಎಂದರು. "ಮ್ಯಾನೇಜರ್ ಬೈತಾರಾ?" ಎಂದು ಕೇಳಿದೆ.

"ಇಲ್ಲ ಮೇಡಂ, ತುಂಬಾ ಒಳ್ಳೆಯವರು. ಒಂದು ದಿನವೂ ದನಿ ಎತ್ತಿಲ್ಲ. ನನ್ನಲ್ಲೇ ಏನೋ ಕೊರತೆ ಇರಬೇಕು."

ಆ ಮಾತು ನಂಬಿ ನಾನು ಮೊದಲ ದಿನವೆಲ್ಲ ಮನೆ, ಆರೋಗ್ಯ ಅಂತ ಬೇರೆ ಕಡೆಯೇ ಕೆದಕಿದೆ. ಅದು ನನ್ನ ತಪ್ಪು. ಎರಡನೇ ಭೇಟಿಯಲ್ಲಿ ಆಕೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದರು. ಕೊನೆಯ ಪುಟದಲ್ಲಿ ಮ್ಯಾನೇಜರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು. ಉತ್ತರ ಸಿಕ್ಕಿದ್ದಕ್ಕೆ ಟಿಕ್ ಹಾಕಿದ್ದರು. 17 ಪ್ರಶ್ನೆ, 3 ಟಿಕ್. ಉಳಿದವಕ್ಕೆಲ್ಲ ಬಂದದ್ದು ಒಂದೇ ಮಾತು: "ನೀವೇ ನೋಡಿ ಮಾಡಿ." ಹಾಗೆ ನೋಡಿ ಮಾಡಿದ್ದು ಮೇಲಿನವರಿಗೆ ಹಿಡಿಸದಿದ್ದರೆ, ಮೀಟಿಂಗಿನಲ್ಲಿ ಮ್ಯಾನೇಜರ್ ಸುಮ್ನೆ ಕೂತಿರುತ್ತಿದ್ದರಂತೆ. ತಂಡದೊಳಗಿನ ಜಗಳ ಬಿಡಿಸುವುದೂ ಈಕೆಯ ಪಾಲಿಗೇ.

1939ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳಲ್ಲಿ ಮೂರು ಬಗೆಯ ಮುಂದಾಳತ್ವ ನೋಡಿದ್ದರು: ಹುಕುಂ ಹೊರಡಿಸುವುದು, ಕೂಡಿ ತೀರ್ಮಾನಿಸುವುದು, ತನ್ನಷ್ಟಕ್ಕೆ ಬಿಟ್ಟುಬಿಡುವುದು. ಮೊದಲನೆಯದರ ಬಗ್ಗೆ ಎಲ್ಲರೂ ದೂರುತ್ತಾರೆ. ಮೂರನೆಯದು ನೋಡಲು ಸ್ವಾತಂತ್ರ್ಯದ ಹಾಗೇ ಇರುತ್ತದೆ, ಅದಕ್ಕೇ ನೋವು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ನಿಜವಾಗಿ ಸ್ವಾತಂತ್ರ್ಯ ಕೊಟ್ಟವರು ನಾವು ಎಡವಿದಾಗ ಬೆನ್ನಿಗೆ ನಿಲ್ಲುತ್ತಾರೆ. ಇಲ್ಲಿ ಯಾರೂ ನಿಂತಿರಲಿಲ್ಲ.

ಬಳಲಿಕೆ, ಕೆಲಸದ ಮೇಲೆ ಮನಸ್ಸು ಹೋಗದಿರುವುದು, ಕೈಲಾಗಲ್ಲ ಅನ್ನಿಸುವುದು, ಮೂರೂ ಆಕೆಯಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಎಂದು ವಿವರಿಸಿದ್ದು ಇದನ್ನೇ. ಅದು ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದೂ ಹೇಳಿದೆ. ಇದನ್ನು ತಿಳಿಸಿದಾಗ ಆಕೆ ಸ್ವಲ್ಪ ಹೊತ್ತು ಅತ್ತರು. "ಹಾಗಾದ್ರೆ ನನಗೆ ಕೆಲಸ ಬರಲ್ಲ ಅಂತಲ್ಲ, ಅಲ್ವಾ?"

ಅಲ್ಲವೇ ಅಲ್ಲ ಎಂದೆ.

ಮೊದಲು ನಿದ್ದೆಗೆ ವೈದ್ಯರನ್ನು ಕಾಣಲು ಹೇಳಿದೆ. ಆಮೇಲೆ ಪ್ರಶ್ನೆ ಕೇಳುವ ರೀತಿ ಬದಲಿಸಿದೆವು. "ಏನು ಮಾಡಲಿ?" ಬೇಡ. "ಹೀಗೆ ಮಾಡಬೇಕೆಂದಿದ್ದೇನೆ, ಗುರುವಾರದೊಳಗೆ ನಿಮ್ಮ ಒಪ್ಪಿಗೆ ಬೇಕು" ಎಂದು ಮೇಲ್‌ನಲ್ಲಿ ಬರೆಯುವುದು. ಮ್ಯಾನೇಜರ್ ಹತ್ತಿರ ವಾರಕ್ಕೆ ಹದಿನೈದು ನಿಮಿಷ ಕೇಳಿ ಪಡೆಯುವುದು. ಯಾವ ತೀರ್ಮಾನ ನನ್ನದು, ಯಾವುದು ನಿಮ್ಮದು ಎಂದು ಎದುರು ಕೂತು ಬರೆದಿಟ್ಟುಕೊಳ್ಳುವುದು. ಜಗಳ ಬಿಡಿಸುವುದು ಮ್ಯಾನೇಜರ್ ಕೆಲಸ ಎಂದು ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳುವುದು. ಈ ಕೊನೆಯದಕ್ಕೆ ಆಕೆಗೆ ಧೈರ್ಯ ಸಾಲದು, ಹಾಗಾಗಿ ನನ್ನ ಮುಂದೆಯೇ ಮೂರು ಸಲ ಹೇಳಿ ನೋಡಿದರು.

ಆರು ವಾರ ಕಳೆಯಿತು. ಮ್ಯಾನೇಜರ್ ಜೊತೆ ವಾರದ ಭೇಟಿ ನಡೆಯುತ್ತಿದೆ. ಜಗಳದ ವಿಷಯದಲ್ಲಿ ಮ್ಯಾನೇಜರ್ ಇನ್ನೂ ಜಾರಿಕೊಳ್ಳುತ್ತಿದ್ದಾರೆ. ಬೇರೆ ತಂಡಕ್ಕೆ ಹೋಗಲೇ ಎಂದು ಆಕೆ ಕೇಳಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ನಿದ್ದೆ ಸರಿಹೋದ ಮೇಲೆ ತೀರ್ಮಾನಿಸಿ ಎಂದಿದ್ದೇನೆ. ಕಳೆದ ವಾರ ಐದು ರಾತ್ರಿ ಚೆನ್ನಾಗಿ ಮಲಗಿದ್ದಾರೆ.