ಪಿಎಚ್‌ಪಿ ಫೈಲ್ ತೆರೆದರೆ ಕೋಡೇ ಕಾಣುತ್ತದೆ, ಏಕೆ?

ಪ್ರಶ್ನೆ: ಮೇಡಂ, ಎಚ್‌ಟಿಎಂಎಲ್ ಕಲಿತಾದ ಮೇಲೆ ಈಗ ಪಿಎಚ್‌ಪಿಗೆ ಕೈ ಹಾಕಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್‌ಗೆ, ಅಪಾಚೆ ಸರ್ವರ್ ಮತ್ತು ಪಿಎಚ್‌ಪಿ ಒಟ್ಟಿಗೆ ಬರುವ ಜ್ಯಾಂಪ್ ಹಾಕಿಕೊಂಡೆ. ಡೆಸ್ಕ್‌ಟಾಪ್‌ನಲ್ಲಿ ಒಂದು ಪಿಎಚ್‌ಪಿ ಫೈಲ್ ಬರೆದು ಬ್ರೌಸರ್‌ನಲ್ಲಿ ತೆರೆದರೆ ನಾನು ಬರೆದ ಕೋಡೇ ಕಾಣುತ್ತದೆ. ಅಪಾಚೆ ಶುರು ಮಾಡಿದರೆ ಪೋರ್ಟ್ 80 ಖಾಲಿ ಇಲ್ಲ ಎನ್ನುತ್ತದೆ. ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಕಥೆ. ನನ್ನ ಲ್ಯಾಪ್‌ಟಾಪೇ ಸರಿಯಿಲ್ಲವೇ?

ಉತ್ತರ: ಲ್ಯಾಪ್‌ಟಾಪ್ ಚೆನ್ನಾಗಿಯೇ ಇದೆ. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದನ್ನು ಮೊದಲು ನಿಲ್ಲಿಸಿ. ಒಂದು ಸಾಲು ಕೋಡ್ ಓಡುವ ಮೊದಲೇ, ಈ ಹಂತದಲ್ಲೇ ಎಷ್ಟೋ ಜನ ಪಿಎಚ್‌ಪಿ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಎಚ್‌ಟಿಎಂಎಲ್ ಅನ್ನು ಬ್ರೌಸರ್ ತಾನೇ ಓದುತ್ತದೆ. ಪಿಎಚ್‌ಪಿ ಅದಕ್ಕೆ ಗೊತ್ತಿಲ್ಲ. ಆ ಕೋಡ್ ಓಡಬೇಕಾದದ್ದು ಸರ್ವರ್‌ನಲ್ಲಿ, ಅಂದರೆ ಬ್ರೌಸರ್ ಕೇಳಿದ ಪುಟವನ್ನು ಕಳಿಸುವ ಪ್ರೋಗ್ರಾಂನಲ್ಲಿ. ಅಲ್ಲಿ ತಯಾರಾದ ಎಚ್‌ಟಿಎಂಎಲ್ ಮಾತ್ರ ಬ್ರೌಸರ್‌ಗೆ ಬರಬೇಕು. ಬ್ರೌಸರ್‌ನ ಮೇಲಿರುವ ವಿಳಾಸ ನೋಡಿ. ಅದು 'ಫೈಲ್' ಎಂದು ಶುರುವಾಗಿದ್ದರೆ ನಡುವೆ ಸರ್ವರ್ ಇಲ್ಲವೇ ಇಲ್ಲ ಎಂದರ್ಥ. ಅಲ್ಲಿ 'ಲೋಕಲ್‌ಹೋಸ್ಟ್' ಇರಬೇಕು. ಅದು ನಿಮ್ಮದೇ ಕಂಪ್ಯೂಟರಿನ ವಿಳಾಸ, ಅಂದರೆ 127.0.0.1. ಇದಕ್ಕೆ ಇಂಟರ್‌ನೆಟ್ ಕೂಡ ಬೇಡ.

ಇನ್ನು ಪೋರ್ಟ್ 80. ಪೋರ್ಟ್ ಎಂದರೆ ಸರ್ವರ್ ಕಾಯುವ ಬಾಗಿಲಿನ ನಂಬರ್ ಇದ್ದಂತೆ. ವಿಂಡೋಸ್‌ನಲ್ಲಿ ಅದನ್ನು ಹಿಡಿದುಕೊಂಡಿರುವುದು ಹಲವು ಸಲ ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್. ಅದರ ಜೊತೆ ಜಗಳ ಬೇಡ. ಅಪಾಚೆಯ ಕಾನ್ಫಿಗ್ ಫೈಲ್‌ನಲ್ಲಿ 'ಲಿಸನ್ 80' ಎಂಬ ಸಾಲನ್ನು 8080 ಮಾಡಿ. ನಿಮ್ಮ ಫೈಲ್‌ಗಳನ್ನು ಜ್ಯಾಂಪ್‌ನ 'ಎಚ್‌ಟಿಡಾಕ್ಸ್' ಫೋಲ್ಡರ್‌ಗೆ ಹಾಕಿ, ಲೋಕಲ್‌ಹೋಸ್ಟ್ ಕೋಲನ್ 8080 ಎಂದು ತೆರೆಯಿರಿ.

ಆದರೆ ನನ್ನನ್ನು ಕೇಳಿದರೆ, ಕಲಿಯುವ ಶುರುವಿಗೆ ಅಪಾಚೆಯೇ ಬೇಡ. 2012ರಲ್ಲಿ ಬಂದ 5.4ನೇ ಆವೃತ್ತಿಯಿಂದ ಪಿಎಚ್‌ಪಿಯ ಒಳಗೇ ಒಂದು ಪುಟ್ಟ ಸರ್ವರ್ ಇದೆ. ಜ್ಯಾಂಪ್ ಒಳಗಿನ ಪಿಎಚ್‌ಪಿ ಫೋಲ್ಡರನ್ನು ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ 'ಪಾತ್' ಪಟ್ಟಿಗೆ ಸೇರಿಸಿ. ಆಮೇಲೆ ನಿಮ್ಮ ಕೋಡ್ ಇರುವ ಫೋಲ್ಡರ್‌ನಲ್ಲಿ ಕಮಾಂಡ್ ವಿಂಡೋ ತೆರೆಯಿರಿ. ಪಿಎಚ್‌ಪಿ ಎಂದು ಟೈಪಿಸಿ, ಜಾಗ ಬಿಟ್ಟು ಹೈಫನ್, ಅದಕ್ಕಂಟಿಕೊಂಡಂತೆ ದೊಡ್ಡಕ್ಷರದ ಎಸ್, ಮತ್ತೆ ಜಾಗ ಬಿಟ್ಟು ಲೋಕಲ್‌ಹೋಸ್ಟ್ ಕೋಲನ್ 8000. ಅಷ್ಟೇ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಕೋಲನ್ 8000, ಒಂದು ಓರೆಗೆರೆ, ಆಮೇಲೆ ಫೈಲ್ ಹೆಸರು ಬರೆದು ತೆರೆಯಿರಿ. ಬ್ರೌಸರ್ ಏನೇ ಕೇಳಿದರೂ ಆ ಕಮಾಂಡ್ ವಿಂಡೋದಲ್ಲಿ ಸಾಲುಗಳು ಮೂಡುತ್ತವೆ. 200 ಬಂದರೆ ಪುಟ ಸಿಕ್ಕಿದೆ, 404 ಬಂದರೆ ಫೈಲ್ ಸಿಕ್ಕಿಲ್ಲ. ಸರ್ವರ್ ಏನು ಮಾಡುತ್ತಿದೆ ಎಂದು ಹೀಗೆ ಕಣ್ಣೆದುರೇ ಕಂಡರೆ ಅರ್ಧ ಭಯ ಹೋಗುತ್ತದೆ. ಫೈಲ್ ಅಲ್ಲೇ ಇದ್ದೂ 404 ಬಂದರೆ ಹೆಸರು ನೋಡಿ. ವಿಂಡೋಸ್ ಎಕ್ಸ್‌ಟೆನ್ಷನ್ ಬಚ್ಚಿಡುವುದರಿಂದ, ಪಿಎಚ್‌ಪಿ ಎಂದು ಕಂಡರೂ ಕೊನೆಯಲ್ಲಿ 'ಡಾಟ್ ಟಿಎಕ್ಸ್‌ಟಿ' ಅಂಟಿಕೊಂಡಿರಬಹುದು.

ಮುಂದೆ ಒಂದು ದಿನ ಬರೀ ಬಿಳಿ ಪುಟ ಕಾಣುತ್ತದೆ. ಆಗ ಸುಮ್ನೆ ಕೋಡ್ ಅಳಿಸಿ ಬರೆಯಬೇಡಿ. 'ಪಿಎಚ್‌ಪಿ ಇನ್ಫೋ' ಫಂಕ್ಷನ್ ಕರೆಯುವ ಒಂದು ಫೈಲ್ ಮಾಡಿ ತೆರೆಯಿರಿ. ಯಾವ ಐಎನ್‌ಐ ಫೈಲ್ (ಪಿಎಚ್‌ಪಿಯ ಸೆಟ್ಟಿಂಗ್‌ಗಳಿರುವ ಫೈಲ್) ನಿಜವಾಗಿ ಬಳಕೆಯಲ್ಲಿದೆ ಎಂದು ಅದು ಪೂರ್ತಿ ವಿಳಾಸದೊಂದಿಗೆ ಹೇಳುತ್ತದೆ. ಕಂಪ್ಯೂಟರಿನಲ್ಲಿ ಎರಡು ಪಿಎಚ್‌ಪಿ ಇದ್ದರೆ ಎರಡು ಐಎನ್‌ಐ ಫೈಲ್ ಇರುತ್ತವೆ. ನೀವು ಒಂದನ್ನು ತಿದ್ದುತ್ತೀರಿ, ಸರ್ವರ್ ಇನ್ನೊಂದನ್ನು ಓದುತ್ತದೆ. ಸರಿಯಾದದ್ದರಲ್ಲಿ 'ಡಿಸ್‌ಪ್ಲೇ ಎರರ್ಸ್' ಆನ್ ಮಾಡಿ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ. ತಪ್ಪು ಯಾವ ಸಾಲಿನಲ್ಲಿದೆ ಎಂದು ಪುಟವೇ ತೋರಿಸುತ್ತದೆ.

ಹಳೆಯ ಪಾಠಗಳ ಬಗ್ಗೆ ಜಾಗ್ರತೆ. ಡೇಟಾಬೇಸ್‌ಗೆ ಸಂಪರ್ಕ ಕೊಡುತ್ತಿದ್ದ 'ಮೈಎಸ್‌ಕ್ಯೂಎಲ್ ಕನೆಕ್ಟ್' ಎಂಬ ಫಂಕ್ಷನ್ 2015ರಲ್ಲಿ ಬಂದ ಪಿಎಚ್‌ಪಿ 7ರಿಂದಲೇ ಇಲ್ಲ. ಅದನ್ನು ಹೇಳಿಕೊಡುವ ಪಾಠ ಮುಚ್ಚಿಟ್ಟು, ಅದೇ ಕೆಲಸಕ್ಕೆ ಈಗಿರುವ ಪಿಡಿಒ ಬಳಸುವ ಪಾಠ ಹುಡುಕಿಕೊಳ್ಳಿ.

ಸೈಟನ್ನು ಹೋಸ್ಟಿಂಗ್‌ಗೆ ಏರಿಸುವ ದಿನ ಪಿಎಚ್‌ಪಿ ಇನ್ಫೋ ಫೈಲ್ ಅಳಿಸಿ, ಅಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿ. ಫೈಲ್ ಹೆಸರುಗಳನ್ನೆಲ್ಲ ಈಗಿನಿಂದಲೇ ಸಣ್ಣಕ್ಷರದಲ್ಲಿಡಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ, ಲಿನಕ್ಸ್ ಸರ್ವರ್ ನೋಡುತ್ತದೆ.