ಓದುಗರ ಪ್ರಶ್ನೆ: ಕಾದಾಟದ ರೋಬೋಟಿಗೆ ರಿಲೇಯೋ, ಮಾಸ್‌ಫೆಟ್ಟೋ?

ಪ್ರಶ್ನೆ: ನಾವು ಕೆಲವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಎಂಟು ಕಿಲೋ ತೂಕದ ಕಾದಾಟದ ರೋಬೋಟ್ ಕಟ್ಟುತ್ತಿದ್ದೇವೆ. ಎದುರಾಳಿಗೆ ಹೊಡೆಯುವ ಮುಂಭಾಗದ ಉಕ್ಕಿನ ಡ್ರಮ್ಮನ್ನು 12 ವೋಲ್ಟಿನ ಬ್ರಷ್ ಮೋಟಾರು ತಿರುಗಿಸುತ್ತದೆ. ರಿಮೋಟಿನಿಂದ ಅದನ್ನು ಚಾಲೂ ಮಾಡಿ ನಿಲ್ಲಿಸಲು ಮಂಗಳೂರಿನ ಅಂಗಡಿಯೊಂದರಲ್ಲಿ 10 ಆಂಪಿಯರಿನ ರಿಲೇ ಸ್ವಿಚ್ (ಸುರುಳಿಯ ಅಯಸ್ಕಾಂತ ಬಲದಿಂದ ಸಂಪರ್ಕ ಕೂಡಿಸಿ ಬಿಡಿಸುವಂಥದ್ದು) ಕೊಟ್ಟಿದ್ದಾರೆ. ಮೋಟಾರು ಓಡುವಾಗ ಎಳೆಯುವುದು 5 ಆಂಪಿಯರ್ ಮಾತ್ರ. ಇದು ಸಾಲದೇ?
– ಓದುಗರು, ಬದಿಯಡ್ಕ

ಉತ್ತರ: ಸಾಲದು. ನೀವು ಕೊಟ್ಟಿರುವ 5 ಆಂಪಿಯರ್ ಎಂಬುದು ಡ್ರಮ್ಮು ಪೂರ್ಣ ವೇಗದಲ್ಲಿ, ಯಾವ ಅಡ್ಡಿಯೂ ಇಲ್ಲದೆ ತಿರುಗುತ್ತಿರುವಾಗಿನ ಲೆಕ್ಕ. ಸ್ವಿಚ್ಚನ್ನು ಆಯ್ದುಕೊಳ್ಳಬೇಕಾದದ್ದು ಮೋಟಾರಿನ ಅಚ್ಚು ಕದಲದೆ ನಿಂತಾಗ ಹರಿಯುವ ಪ್ರವಾಹವನ್ನು ನೋಡಿ. ಬ್ಯಾಟರಿಯ ವೋಲ್ಟೇಜನ್ನು ಮೋಟಾರಿನ ಸುರುಳಿಯ ರೋಧದಿಂದ ಭಾಗಿಸಿದರೆ ಈ ಪ್ರವಾಹ ಸುಮಾರಾಗಿ ಸಿಗುತ್ತದೆ, ರೋಧವು 0.4 ಓಮ್ ಇದ್ದರೆ 12 ವೋಲ್ಟಿಗೆ 30 ಆಂಪಿಯರ್. ಎದುರಾಳಿಯ ರೋಬೋಟಿಗೆ ಸಿಕ್ಕಿ ಡ್ರಮ್ಮು ಕಚ್ಚಿಕೊಂಡಾಗ ಮಾತ್ರ ಹೀಗಾಗುತ್ತದೆ ಎಂದು ಭಾವಿಸಬೇಡಿ. ನಿಂತ ಡ್ರಮ್ಮನ್ನು ಚಾಲೂ ಮಾಡುವ ಪ್ರತಿ ಸಲವೂ ಮೋಟಾರು ಮೊದಲ ಕ್ಷಣದಲ್ಲಿ ಇದೇ ಸ್ಥಿತಿಯಲ್ಲಿರುತ್ತದೆ, ಮತ್ತು ಡ್ರಮ್ಮು ಭಾರವಾದಷ್ಟೂ ಆ ಸ್ಥಿತಿಯಿಂದ ಹೊರಬರಲು ಹೆಚ್ಚು ಹೊತ್ತು ಹಿಡಿಯುತ್ತದೆ.

ರಿಲೇಯ ಮೇಲೆ ಅಚ್ಚಾಗಿರುವ 10 ಆಂಪಿಯರ್ ಎಂಬ ಸಂಖ್ಯೆ ಸಾಮಾನ್ಯವಾಗಿ ಹೀಟರಿನಂಥ ಸರಳ ಹೊರೆಗೆ ಅನ್ವಯಿಸುವಂಥದ್ದು. ಮೋಟಾರಿನ ಪ್ರವಾಹವನ್ನು ಕಡಿಯುವಾಗ ಸಂಪರ್ಕಬಿಂದುಗಳ ನಡುವೆ ಕಿಡಿ ಹಾರುತ್ತದೆ, ಲೋಹ ಕರಗುತ್ತದೆ, ಒಮ್ಮೊಮ್ಮೆ ಎರಡೂ ಬಿಂದುಗಳು ಬೆಸೆದುಕೊಂಡುಬಿಡುತ್ತವೆ. ಆಗ ನೀವು ರಿಮೋಟಿನಲ್ಲಿ ಆಫ್ ಒತ್ತಿದರೂ ಡ್ರಮ್ಮು ತಿರುಗುತ್ತಲೇ ಇರುತ್ತದೆ. ಇದರ ಜೊತೆಗೆ, ರಿಲೇಯ ಒಳಗಿನ ಚಲಿಸುವ ತಗಡನ್ನು ಹಿಂದಕ್ಕೆ ಹಿಡಿದಿರುವುದು ಒಂದು ಚಿಕ್ಕ ಸ್ಪ್ರಿಂಗ್ ಮಾತ್ರವಾದ್ದರಿಂದ, ಜೋರಾದ ಹೊಡೆತಕ್ಕೆ ಅದು ತಾನಾಗಿಯೇ ಅಲುಗಿ ಸಂಪರ್ಕ ಮಾಡಬಲ್ಲದು ಅಥವಾ ಕಡಿಯಬಲ್ಲದು. ಹೊಡೆತ ತಿನ್ನಲೆಂದೇ ಕಟ್ಟಿದ ಯಂತ್ರದೊಳಗೆ ಅದಕ್ಕೆ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಸ್‌ಫೆಟ್ ಎಂಬುದು ಟ್ರಾನ್ಸಿಸ್ಟರಿನ ಒಂದು ಬಗೆ, ಅದರ ಸ್ವಿಚ್ಚಿನಲ್ಲಿ ಚಲಿಸುವ ಭಾಗವೇ ಇಲ್ಲ. ಅದನ್ನು ಆಯ್ದುಕೊಳ್ಳುವಾಗ ಆಂಪಿಯರಿಗಿಂತ ಮೊದಲು ಆನ್ ಇದ್ದಾಗಿನ ರೋಧವನ್ನು ನೋಡಿ. ಪ್ರವಾಹದ ವರ್ಗವನ್ನು ಈ ರೋಧದಿಂದ ಗುಣಿಸಿದರೆ ಬರುವುದು ಶಾಖ. ರೋಧ 8 ಮಿಲಿಓಮ್ ಇದ್ದರೆ 5 ಆಂಪಿಯರಿಗೆ 0.2 ವ್ಯಾಟ್, ಕೈಗೆ ತಿಳಿಯುವುದೂ ಇಲ್ಲ. 30 ಆಂಪಿಯರಿಗೆ 7.2 ವ್ಯಾಟ್, ಶಾಖ ಹೀರುವ ಲೋಹದ ಹೀಟ್‌ಸಿಂಕ್ ಇಲ್ಲದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಬಿಡಿಭಾಗ ತಂದು ನೀವೇ ಬೆಸುಗೆ ಹಾಕುವುದಾದರೆ ಇನ್ನೊಂದು ಎಚ್ಚರಿಕೆ ಬೇಕು. ಐಆರ್‌ಎಫ್‌ಝಡ್44ಎನ್ ಮತ್ತು ಐಆರ್‌ಎಲ್‌ಝಡ್44ಎನ್ ಎಂಬ ಮಾಸ್‌ಫೆಟ್‌ಗಳು ನೋಡಲು ಒಂದೇ ಬಗೆಯವು, ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಸಿಗುವುದೂ ಉಂಟು. ಮೊದಲನೆಯದು ಪೂರ್ತಿ ತೆರೆದುಕೊಳ್ಳಲು ಗೇಟಿಗೆ (ಆನ್-ಆಫ್ ಆಜ್ಞೆ ಪಡೆಯುವ ಕಾಲಿಗೆ) ಸುಮಾರು 10 ವೋಲ್ಟ್ ಬೇಕು. ಎರಡನೆಯದಕ್ಕೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಕಡೆಯಿಂದ ಸಿಗುವ 5 ವೋಲ್ಟ್ ಸಾಕು. ಅರ್ಧ ತೆರೆದ ಮಾಸ್‌ಫೆಟ್ ಬೇಗನೆ ಕಾದು ಕೆಡುತ್ತದೆ. ಗೇಟಿನಿಂದ ಸೋರ್ಸ್ ಎಂಬ ಇನ್ನೊಂದು ಕಾಲಿಗೆ 10 ಕಿಲೋಓಮಿನ ರೋಧಕವೊಂದನ್ನು ಹಾಕಿದರೆ, ನಿಯಂತ್ರಣದ ಭಾಗಕ್ಕೆ ವಿದ್ಯುತ್ ಇಲ್ಲದಾಗಲೂ ಮಾಸ್‌ಫೆಟ್ ಆಫ್ ಸ್ಥಿತಿಯಲ್ಲೇ ಉಳಿಯುತ್ತದೆ. ಮೋಟಾರಿನ ಎರಡು ತುದಿಗಳ ನಡುವೆ, ಪಟ್ಟಿ ಇರುವ ಕಡೆ ಪ್ಲಸ್ಸಿಗೆ ಬರುವಂತೆ, ಸಾಕಷ್ಟು ಆಂಪಿಯರ್ ತಾಳುವ, ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಶಾಟ್ಕಿ ಡಯೋಡ್ ಇರಲೇಬೇಕು. ಸ್ವಿಚ್ ಆಫ್ ಆದಾಗ ಮೋಟಾರಿನ ಸುರುಳಿಯಲ್ಲಿ ಉಳಿದ ಪ್ರವಾಹ ಅದರ ಮೂಲಕ ಹರಿದುಹೋಗುತ್ತದೆ, ವೋಲ್ಟೇಜು ಏರುವುದಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಇನ್ನೊಂದಿದೆ. ಸ್ವಿಚ್ ಕೊಳ್ಳುವಾಗ ನಾನು ಮೊದಲು ಕೇಳುವುದು, ರೇಡಿಯೋ ಸಂಕೇತ ತಪ್ಪಿದರೆ ಅದು ಏನು ಮಾಡುತ್ತದೆ ಎಂದು. ರಿಸೀವರು ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಸ್ವಿಚ್ಚಿಗೆ ಒಂದು ಪಲ್ಸ್ (ಕ್ಷಣಿಕ ವಿದ್ಯುತ್ ಮಿಡಿತ) ಕಳುಹಿಸುತ್ತದೆ; ಅದರ ಅಗಲ 1ರಿಂದ 2 ಮಿಲಿಸೆಕೆಂಡ್, ನಡುವಿನ ಸ್ಥಾನಕ್ಕೆ 1.5. ಪಲ್ಸಿನ ಅಗಲ ಗೊತ್ತುಮಾಡಿದ ಮಿತಿಯನ್ನು ದಾಟಿದರೆ ಸ್ವಿಚ್ ಆನ್ ಆಗುತ್ತದೆ. ಟ್ರಾನ್ಸ್‌ಮಿಟರ್ (ಕೈಯಲ್ಲಿರುವ ರಿಮೋಟ್) ಆರಿಹೋದಾಗ ಕೆಲವು ರಿಸೀವರುಗಳು ಪಲ್ಸ್ ನಿಲ್ಲಿಸುತ್ತವೆ, ಕೆಲವು ಕೊನೆಯ ಪಲ್ಸನ್ನೇ ಕಳುಹಿಸುತ್ತಿರುತ್ತವೆ, ಕೆಲವು ನಾವು ಮೊದಲೇ ಕೊಟ್ಟ ಸ್ಥಾನಕ್ಕೆ ಹೋಗುತ್ತವೆ. ನಿಮ್ಮ ರಿಸೀವರಿನಲ್ಲಿ ಫೇಲ್‌ಸೇಫನ್ನು (ಸಂಕೇತ ತಪ್ಪಿದಾಗ ಹೋಗಬೇಕಾದ ಸ್ಥಾನವನ್ನು) ಆಫ್ ಸ್ಥಾನಕ್ಕೆ ಹೊಂದಿಸಿ, ಮತ್ತು ಪಲ್ಸ್ ನಿಂತರೆ ತಾನೂ ಆರುವ ಸ್ವಿಚ್ಚನ್ನೇ ಕೊಳ್ಳಿ. ಎರಡೂ ಬೇಕು.

ಪರೀಕ್ಷಿಸುವಾಗ ಮೋಟಾರನ್ನು ಬಿಚ್ಚಿಟ್ಟು ಅದರ ಜಾಗದಲ್ಲಿ ಬೈಕಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟಿನ ಬಲ್ಬನ್ನು ಜೋಡಿಸಿ. ಬಲ್ಬು ಉರಿಯುತ್ತಿರುವಾಗ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ. ಬಲ್ಬು ತಡವಿಲ್ಲದೆ ಆರಬೇಕು. ಅನಂತರ ಟ್ರಾನ್ಸ್‌ಮಿಟರ್ ಆರಿರುವಾಗಲೇ ರಿಸೀವರಿಗೆ ಬ್ಯಾಟರಿ ಕೊಡಿ. ಬಲ್ಬು ಒಂದು ಸಲವೂ ಮಿನುಗಬಾರದು. ಮಿನುಗಿದರೆ ಆ ಸ್ವಿಚ್ಚಿಗೆ ಡ್ರಮ್ಮನ್ನು ಜೋಡಿಸಬೇಡಿ, ಏಕೆಂದರೆ ಬ್ಯಾಟರಿ ಸಿಕ್ಕಿಸುವ ಕೈ ಡ್ರಮ್ಮಿನಿಂದ ಒಂದು ಗೇಣು ದೂರದಲ್ಲಷ್ಟೇ ಇರುತ್ತದೆ. ಮಾಸ್‌ಫೆಟ್ ಕೂಡ ಕೆಟ್ಟಾಗ ಹೆಚ್ಚಾಗಿ ಆನ್ ಸ್ಥಿತಿಯಲ್ಲೇ ಕೆಡುತ್ತದೆ ಎಂಬುದನ್ನು ನೆನಪಿಟ್ಟು, ಬ್ಯಾಟರಿಯ ದಾರಿಯಲ್ಲಿ ಹೊರಗಿನಿಂದ ಕಿತ್ತು ತೆಗೆಯಬಹುದಾದ ಕೊಂಡಿಯೊಂದನ್ನು ಇಡಿ.

ಪ್ರಶ್ನೆ: ನಿವೃತ್ತನಾದ ಮೇಲೆ 1/16 ಅಳತೆಯ ಮಾದರಿ ಟ್ಯಾಂಕ್ ಮಾಡುತ್ತಿದ್ದೇನೆ. ಬ್ಯಾಟರಿ 7.2 ವೋಲ್ಟಿನದು. ದೀಪಗಳು, ಹೊಗೆಯ ಘಟಕ ಎರಡನ್ನೂ ನಡೆಸಬೇಕು, ಆದರೆ ರಿಮೋಟಿನಲ್ಲಿ ಉಳಿದಿರುವುದು ಒಂದೇ ಚಾನೆಲ್. ಇದಕ್ಕೂ ಮಾಸ್‌ಫೆಟ್ಟೇ ಬೇಕೇ?
– ಓದುಗರು, ಉಪ್ಪಳ

ಉತ್ತರ: ಬೇಕೆಂದೇನಿಲ್ಲ. ಟ್ಯಾಂಕಿಗೆ ಅಂಥ ಹೊಡೆತಗಳಿಲ್ಲ, ಆದ್ದರಿಂದ ರಿಲೇಯೂ ನಡೆಯುತ್ತದೆ. ಆದರೆ ಸಾಮಾನ್ಯ 5 ವೋಲ್ಟಿನ ರಿಲೇಯ ಸುರುಳಿಯೊಂದೇ ರಿಸೀವರಿನ ಪೂರೈಕೆಯಿಂದ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ. 20 ಮಿಲಿಆಂಪಿಯರಿನ ಎಲ್‌ಇಡಿ ಹೊತ್ತಿಸಲು ಇಷ್ಟು ಖರ್ಚು ಮಾಡುವುದು ನನಗೆ ಸರಿಕಾಣುವುದಿಲ್ಲ. ಎಲ್‌ಇಡಿಗಳಿಗೆ ಚಿಕ್ಕ ಮಾಸ್‌ಫೆಟ್ ಸಾಕು. ಒಂದೊಂದು ಬಿಳಿ ಎಲ್‌ಇಡಿಗೂ ಬೇರೆಬೇರೆಯಾಗಿ 330 ಓಮಿನ ರೋಧಕ ಹಾಕಿ.

ಒಂದೇ ಚಾನೆಲಿನ ಸಮಸ್ಯೆಗೆ ದಾರಿಯಿದೆ. ಮೂರು ಸ್ಥಾನದ ಕೀಲಿ ಇರುವ ಚಾನೆಲನ್ನು ಒಂದರಿಂದ ಎರಡಾಗಿ ಕವಲೊಡೆಯುವ ವೈ ತಂತಿಯಿಂದ ಎರಡು ಸ್ವಿಚ್ಚುಗಳಿಗೆ ಕೊಟ್ಟು, ಒಂದರ ಮಿತಿಯನ್ನು 1.3 ಮಿಲಿಸೆಕೆಂಡಿಗೂ ಇನ್ನೊಂದರದ್ದನ್ನು 1.7ಕ್ಕೂ ಹೊಂದಿಸಿ. ಆಗ ಕೀಲಿ ನಡುವಿಗೆ ಬಂದಾಗ ದೀಪ, ಕೊನೆಗೆ ಹೋದಾಗ ದೀಪದ ಜೊತೆ ಹೊಗೆ. ಇದಕ್ಕೆ ಮಿತಿ ಬದಲಿಸಬಹುದಾದ ಸ್ವಿಚ್ ಬೇಕಾಗುತ್ತದೆ, ಕೊಳ್ಳುವಾಗ ಕೇಳಿ ನೋಡಿ. ಒಮ್ಮೆ ತಟ್ಟಿದರೆ ಆನ್, ಮತ್ತೊಮ್ಮೆ ತಟ್ಟಿದರೆ ಆಫ್ ಆಗುವ ಬಗೆಯ ಸ್ವಿಚ್ ದೀಪಕ್ಕೆ ಅನುಕೂಲವೇ. ಹೊಗೆಯ ಘಟಕಕ್ಕೆ ಮಾತ್ರ ಬೇಡ. ಎಣ್ಣೆ ಮುಗಿದ ಮೇಲೂ ಅದು ಚಾಲೂ ಇದ್ದರೆ ಒಳಗಿನ ತಂತಿ ಸುಟ್ಟುಹೋಗುತ್ತದೆ. ಕಡಲ ಬದಿಯ ಊರಾದ್ದರಿಂದ ಮಳೆಗಾಲದಲ್ಲಿ ರಿಸೀವರಿನ ಪಿನ್ನುಗಳು ಕಿಲುಬು ಹಿಡಿದಿವೆಯೇ ಎಂದು ಆಗಾಗ ಕಿತ್ತು ನೋಡಿ. ಸ್ವಿಚ್ ಕೆಟ್ಟಿದೆ ಎಂದು ಬದಿಗಿಟ್ಟವುಗಳಲ್ಲಿ ಹಲವಕ್ಕೆ ಪಿನ್ ಒರೆಸಿದರೆ ಸಾಕಾಗುತ್ತದೆ.

ಪ್ರಶ್ನೆ: ಶಾಲೆಯ ಲಿಟಲ್ ಕೈಟ್ಸ್ (ಕೇರಳದ ಶಾಲೆಗಳ ಐಟಿ ಕ್ಲಬ್) ಘಟಕದಲ್ಲಿ ಆರ್ಡುಯಿನೊ ಎಂಬ, ಪ್ರೋಗ್ರಾಂ ಮಾಡಬಲ್ಲ ಪುಟ್ಟ ಸರ್ಕ್ಯೂಟ್ ಬೋರ್ಡಿನ ಬಳಕೆ ಕಲಿಯುತ್ತಿದ್ದೇನೆ. ಅದರ ಪಿನ್ನಿಗೆ ರಿಲೇಯನ್ನು ನೇರವಾಗಿ ಜೋಡಿಸಬಹುದೇ?
– ವಿದ್ಯಾರ್ಥಿನಿ, ಪೆರ್ಲ

ಉತ್ತರ: ಬೇಡಮ್ಮ. ಆರ್ಡುಯಿನೊ ಉನೋದ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬಾರದು, ರಿಲೇಗೆ ಬೇಕಾದದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಟ್ರಾನ್ಸಿಸ್ಟರ್ ಮತ್ತು ಡಯೋಡ್ ಮೊದಲೇ ಇರುವ ರಿಲೇ ಮಾಡ್ಯೂಲ್ ಸಿಗುತ್ತದೆ, ಅದನ್ನೇ ಬಳಸು.